ದುಡ್ಡು ಕೊಟ್ಟರೂ ಸಿಗದ ಲೆನ್ಸ್

ನನ್ನ ಚಿಕ್ಕಪ್ಪನ ಮಗ ಡಿಗ್ರಿ ಮುಗಿಸಿ ಎರಡು ವರ್ಷ ಮದುವೆ ಫೋಟೊಗ್ರಾಫರ್ ಒಬ್ಬರ ಬಳಿ ಸಹಾಯಕನಾಗಿ ದುಡಿದ. ಲೈಟ್ ಹಿಡಿದ, ಬ್ಯಾಗ್ ಹೊತ್ತ, ರಾತ್ರಿ ಎರಡು ಗಂಟೆಗೆ ಛತ್ರದ ಮೂಲೆಯಲ್ಲಿ ಕೂತು ಮೆಮೊರಿ ಕಾರ್ಡ್ ಕಾಪಿ ಮಾಡಿದ. ಆದರೆ ಅವನ ಮನಸ್ಸು ಇದ್ದದ್ದು ಕಾಡಿನಲ್ಲಿ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ಆನೆಗಳು ಹಿಂಡುಹಿಂಡಾಗಿ ದಡಕ್ಕೆ ಬರುವಾಗ ಅಲ್ಲಿರಬೇಕು, ಒಂದಷ್ಟು ಒಳ್ಳೆಯ ಚಿತ್ರ ತೆಗೆದು ರೆಸಾರ್ಟ್‌ಗಳಿಗೆ, ಪತ್ರಿಕೆಗಳಿಗೆ ತೋರಿಸಬೇಕು ಎಂಬ ಲೆಕ್ಕಾಚಾರ. ಕೂಡಿಟ್ಟ ಹಣಕ್ಕೆ ಅಪ್ಪ ಸೊಸೈಟಿಯಲ್ಲಿ ಎತ್ತಿಕೊಟ್ಟ ಸಾಲ ಸೇರಿಸಿ, ಬೆಂಗಳೂರಿನ ಅಂಗಡಿಯೊಂದರಲ್ಲಿ ಟೆಲಿ ಲೆನ್ಸ್‌ಗೆ ಅಡ್ವಾನ್ಸ್ ಕಟ್ಟಿದ. ‘ಮೂರು ವಾರ’ ಅಂದರು. ಮೂರು ವಾರ ಮೂರು ತಿಂಗಳಾಯಿತು, ಆಮೇಲೆ ಐದು. ಬೇಸಿಗೆ ಮುಗಿಯಿತು, ಮಳೆ ಹಿಡಿಯಿತು. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: ‘ಕಂಪನಿಯಿಂದಲೇ ಬಂದಿಲ್ಲ ಸರ್, ನಿಮ್ಮ ಹೆಸರು ಲಿಸ್ಟ್‌ನಲ್ಲಿದೆ’. ಸಾಲದ ಕಂತು ಮಾತ್ರ ಯಾವ ತಿಂಗಳೂ ತಡವಾಗಲಿಲ್ಲ.

ನಾನಾಗ ಎಂ.ಕಾಂ ಮೊದಲ ವರ್ಷದಲ್ಲಿದ್ದೆ. ಬೇಡಿಕೆ ಹೆಚ್ಚಾದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಪೂರೈಕೆ ಹೆಚ್ಚುತ್ತದೆ, ಎರಡು ರೇಖೆಗಳು ಒಂದು ಬಿಂದುವಿನಲ್ಲಿ ಸೇರುತ್ತವೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಹಾಗಿದ್ದರೆ ಲಕ್ಷಗಟ್ಟಲೆ ಬೆಲೆಯ ವಸ್ತುವಿಗೆ ರೇಷನ್ ಅಂಗಡಿಯ ಮುಂದಿನಂತೆ ಕ್ಯೂ ಯಾಕೆ? ಕೊಳ್ಳುವವನ ಕೈಯಲ್ಲಿ ದುಡ್ಡಿದೆ, ಮಾರುವವನಿಗೆ ಮಾರುವ ಆಸೆಯಿದೆ. ನಡುವೆ ಏನು ಸಿಕ್ಕಿಹಾಕಿಕೊಂಡಿದೆ? ಇದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಪಠ್ಯಪುಸ್ತಕಕ್ಕಿಂತ ಚೆನ್ನಾಗಿತ್ತು.

2018ರ ಆಗಸ್ಟ್‌ನಲ್ಲಿ ಜಪಾನಿನ ನಿಕಾನ್ ಕಂಪನಿ 500 ಎಂಎಂ ಎಫ್/5.6 ಪಿಎಫ್ ಎಂಬ ಲೆನ್ಸ್ ಪ್ರಕಟಿಸಿತು. ಅದರ ತೂಕ 1,460 ಗ್ರಾಂ. ಅದೇ ಕಂಪನಿಯ 500 ಎಂಎಂ ಎಫ್/4 ಲೆನ್ಸ್ ಮೂರು ಕೆ.ಜಿ.ಗಿಂತ ಹೆಚ್ಚು. ಹೊಸದರ ಬೆಲೆ ಅಮೆರಿಕದಲ್ಲಿ 3,600 ಡಾಲರ್ ಆಸುಪಾಸು, ಹಳೆಯದರದು 10,000 ಡಾಲರ್ ದಾಟುತ್ತಿತ್ತು. ಅಂದರೆ ಮೂರನೇ ಒಂದರಷ್ಟು ಬೆಲೆ, ಅರ್ಧಕ್ಕಿಂತ ಕಡಿಮೆ ತೂಕ. ಹಕ್ಕಿ ಹುಡುಕಿ ದಿನವಿಡೀ ನಡೆಯುವವರಿಗೆ, ಟ್ರೈಪಾಡ್ ಹೊರಲಾಗದ ವಯಸ್ಸಾದವರಿಗೆ, ಮೊದಲ ಬಾರಿ ದೊಡ್ಡ ಲೆನ್ಸ್ ಕನಸು ಕಾಣುವವರಿಗೆ ಇದು ಏಕಕಾಲಕ್ಕೆ ಬೇಕಾಯಿತು. ನಿರೀಕ್ಷೆ ಮೀರಿ ಬುಕಿಂಗ್ ಬಂದಿದೆ, ಕೈಸೇರಲು ಸಮಯ ಹಿಡಿಯಬಹುದು ಎಂದು ಕಂಪನಿ ಕ್ಷಮೆ ಕೇಳಬೇಕಾಯಿತು. ಜಗತ್ತಿನ ಹಲವೆಡೆ ಜನ ತಿಂಗಳುಗಟ್ಟಲೆ ಕಾದರು. 2021ರ ಕೊನೆಯಲ್ಲಿ ಜೆಡ್9 ಕ್ಯಾಮೆರಾ ಬಂದಾಗ, 2022ರಲ್ಲಿ 800 ಎಂಎಂ ಎಫ್/6.3 ಲೆನ್ಸ್ ಬಂದಾಗ ಮತ್ತೆ ಇದೇ ಕಥೆ. ನಿಕಾನ್ ಒಂದೇ ಅಲ್ಲ. ಕ್ಯಾನನ್ 2020ರಲ್ಲಿ ತಂದ 100-500 ಎಂಎಂ ಲೆನ್ಸ್‌ಗೂ ಜನ ಕಾದಿದ್ದಾರೆ.

ಇದರಲ್ಲಿ ಗಮನಿಸಬೇಕಾದ ಒಂದು ವಿಚಾರವಿದೆ. ಕ್ಯೂ ಬೆಳೆದದ್ದು ಅತಿ ದುಬಾರಿ ಲೆನ್ಸ್‌ಗಳಿಗೆ ಮಾತ್ರವಲ್ಲ. ದುಬಾರಿಯದರ ಕೆಲಸವನ್ನು ಮುಕ್ಕಾಲು ಪಾಲು ಮಾಡಿ, ಬೆಲೆಯಲ್ಲಿ ಮಧ್ಯಮ ವರ್ಗದ ಕೈಗೆ ಕಷ್ಟಪಟ್ಟರೆ ಎಟಕುವಂಥ ಲೆನ್ಸ್‌ಗಳಿಗೇ ಅದು ಉದ್ದವಾಗಿ ಬೆಳೆಯಿತು.

ಬೆಲೆಯ ವ್ಯತ್ಯಾಸಕ್ಕೆ ಕಾರಣ ಪಿಯುಸಿ ಗಣಿತದಲ್ಲೇ ಇದೆ. ಲೆನ್ಸ್‌ನ ಫೋಕಲ್ ಲೆಂತ್ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ. 500ನ್ನು 5.6ರಿಂದ ಭಾಗಿಸಿ: ಸುಮಾರು 89 ಎಂಎಂ. 4ರಿಂದ ಭಾಗಿಸಿ: 125 ಎಂಎಂ. ವ್ಯಾಸ 1.4 ಪಟ್ಟು ಅಷ್ಟೆ, ಆದರೆ ಅದೇ ಆಕಾರದ ಗಾಜಿನ ಗಾತ್ರ 1.4ರ ಘನ, ಅಂದರೆ 2.7 ಪಟ್ಟು. ಸಿಗುವ ಬೆಳಕು ಎರಡು ಪಟ್ಟು, ಹೊರಬೇಕಾದ ಗಾಜು ಸುಮಾರು ಮೂರು ಪಟ್ಟು. ದೊಡ್ಡ ಗಾಜಿನಲ್ಲಿ ಒಂದು ಗುಳ್ಳೆ, ಒಂದು ಎಳೆ ಕಂಡರೂ ಇಡೀ ತುಂಡು ಕಸ. ಬೆಲೆ ಗಾಜಿನ ಪ್ರಮಾಣಕ್ಕಿಂತ ವೇಗವಾಗಿ ಏರುವುದು ಇದರಿಂದಲೇ.

ಗಾಜು ಎಂದರೆ ಕಿಟಕಿಯ ಗಾಜಲ್ಲ. ಲ್ಯಾಂಥನಂನಂಥ ಅಪರೂಪದ ಧಾತುಗಳ ಆಕ್ಸೈಡ್‌ಗಳನ್ನು ಬೆರೆಸಿ, ಪ್ಲಾಟಿನಂ ಲೇಪಿತ ಪಾತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ಡಿಗ್ರಿಯಲ್ಲಿ ಕರಗಿಸುತ್ತಾರೆ. ಕರಗಿಸುವುದು ಬೇಗ ಆಗುತ್ತದೆ, ತಣಿಸುವುದು ಆಗುವುದಿಲ್ಲ. ಬೇಗ ತಣ್ಣಗಾದರೆ ಒಳಗೆ ಒತ್ತಡ ಉಳಿದು ಬೆಳಕು ಬಾಗುವ ರೀತಿಯೇ ತುಂಡಿನ ಒಂದೊಂದು ಕಡೆ ಒಂದೊಂದಾಗುತ್ತದೆ. ಹಾಗಾಗಿ ಉಷ್ಣತೆಯನ್ನು ದಿನಕ್ಕಿಷ್ಟು ಎಂದು ಇಳಿಸುತ್ತಾ ಹೋಗುತ್ತಾರೆ. ದೊಡ್ಡ ತುಂಡುಗಳಿಗೆ ವಾರಗಳು, ಕೆಲವಕ್ಕೆ ತಿಂಗಳುಗಳೇ ಬೇಕು. ಇಂಥ ಗಾಜು ಮಾಡುವ ಕಂಪನಿಗಳನ್ನು ಬೆರಳಲ್ಲಿ ಎಣಿಸಬಹುದು: ಜಪಾನಿನ ಹೋಯಾ, ಒಹಾರಾ, ನಿಕಾನ್ ಸಮೂಹದ ಹಿಕಾರಿ, ಜರ್ಮನಿಯ ಷಾಟ್, ಚೀನಾದ ಸಿಡಿಜಿಎಂ, ಇನ್ನು ಕೆಲವು. ಕ್ಯಾನನ್ ಕಂಪನಿ ಗಾಜಿನ ಬದಲು ಕೃತಕ ಫ್ಲೋರೈಟ್ ಹರಳನ್ನೇ ಬೆಳೆಸಿ 1969ರಲ್ಲಿ ಕ್ಯಾಮೆರಾ ಲೆನ್ಸ್‌ಗೆ ಹಾಕಿತು. ಅದರ 1,200 ಎಂಎಂ ಎಫ್/5.6 ಲೆನ್ಸ್ 1990ರ ದಶಕದಲ್ಲಿ ಆರ್ಡರ್ ಕೊಟ್ಟವರಿಗೆ ಮಾತ್ರ ಮಾಡಿಕೊಡುತ್ತಿದ್ದದ್ದು. ಅಷ್ಟು ದೊಡ್ಡ ಹರಳು ಬೆಳೆಯಲೇ ಸಮಯ ಬೇಕಾದ್ದರಿಂದ ಕಾಯುವ ಅವಧಿ ಸುಮಾರು ಒಂದೂವರೆ ವರ್ಷ. ಅಲ್ಲಿ ಯಾರೂ ಯಾರನ್ನೂ ದೂರುವಂತಿರಲಿಲ್ಲ. ಮಾವಿನ ಸಸಿ ನೆಟ್ಟವನು ಮರುವರ್ಷವೇ ಹಣ್ಣು ಕೇಳುತ್ತಾನೆಯೇ?

ಪಿಎಫ್ ಲೆನ್ಸ್‌ನಲ್ಲಿ ಇನ್ನೊಂದು ತೊಡಕು. ಅದರ ಒಂದು ಗಾಜಿನ ಮೇಲೆ ಗ್ರಾಮಫೋನ್ ತಟ್ಟೆಯಂತೆ ಅತಿ ಸೂಕ್ಷ್ಮ ವೃತ್ತಾಕಾರದ ಗೆರೆಗಳಿರುತ್ತವೆ. ಮಾಮೂಲಿ ಗಾಜು ಬಣ್ಣಗಳನ್ನು ಒಂದು ಕ್ರಮದಲ್ಲಿ ಚದುರಿಸಿದರೆ ಈ ಗೆರೆಗಳು ಅದಕ್ಕೆ ತದ್ವಿರುದ್ಧ ಕ್ರಮದಲ್ಲಿ ಚದುರಿಸುತ್ತವೆ. ಎರಡೂ ಸೇರಿ ಬಣ್ಣದೋಷ ಅಳಿಸಿಹೋಗುತ್ತದೆ. ಅದರಿಂದ ಕೆಲವು ಭಾರದ ಗಾಜುಗಳನ್ನೇ ಕೈಬಿಟ್ಟು ಲೆನ್ಸನ್ನು ಗಿಡ್ಡ ಮಾಡಬಹುದು. ಕ್ಯಾನನ್ ಇದೇ ತತ್ವದ ಲೆನ್ಸನ್ನು 2001ರಲ್ಲೇ ಮಾರುಕಟ್ಟೆಗೆ ತಂದಿತ್ತು. ತತ್ವ ಹಳೆಯದು, ಆದರೆ ಆ ಗೆರೆಗಳ ಗಾಜನ್ನು ಸಾವಿರಗಟ್ಟಲೆ ದೋಷವಿಲ್ಲದೆ ತಯಾರಿಸುವುದು ಬೇರೆಯೇ ಮಾತು. ಇಪ್ಪತ್ತು ಗಾಜುಗಳ ಲೆನ್ಸ್‌ನಲ್ಲಿ ಹತ್ತೊಂಬತ್ತು ತಯಾರಿದ್ದು ಒಂದು ಬಾರದಿದ್ದರೂ ಕಾರ್ಖಾನೆಯಿಂದ ಹೊರಬೀಳುವ ಲೆನ್ಸ್‌ಗಳ ಸಂಖ್ಯೆ ಸೊನ್ನೆ.

ಹಾಗಾದರೆ ಇನ್ನೊಂದು ಕಾರ್ಖಾನೆ ಕಟ್ಟಿದರೆ ಆಯಿತಲ್ಲ? ನಾನೂ ಹಾಗೇ ಕೇಳಿದೆ. ಉತ್ತರ ನಮ್ಮ ಜೇಬಿನಲ್ಲೇ ಇದೆ. 2010ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದ ಪ್ರಕಾರ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಟವು. 2020ರಲ್ಲಿ 90 ಲಕ್ಷಕ್ಕಿಂತ ಕಡಿಮೆ. ಹತ್ತು ವರ್ಷದಲ್ಲಿ ಶೇ 90ಕ್ಕಿಂತ ಹೆಚ್ಚು ವ್ಯಾಪಾರವನ್ನು ಮೊಬೈಲ್ ಫೋನ್ ನುಂಗಿತು. ಬಿಡಿ ಲೆನ್ಸ್‌ಗಳೂ 2012ರಲ್ಲಿ 3 ಕೋಟಿ ಇದ್ದದ್ದು 2023ರಲ್ಲಿ ಒಂದು ಕೋಟಿಯೊಳಗೆ ಬಂದವು. ನಿಕಾನ್ 2017ರಲ್ಲಿ ಚೀನಾದ ವೂಶಿಯಲ್ಲಿದ್ದ ಕಾರ್ಖಾನೆ ಮುಚ್ಚಿತು. ಜಪಾನಿನ ಸೆಂಡೈನಲ್ಲಿ ನಡೆಯುತ್ತಿದ್ದ ಕ್ಯಾಮೆರಾ ಜೋಡಣೆಯನ್ನು 2021ರ ವೇಳೆಗೆ ಥಾಯ್ಲೆಂಡ್‌ಗೆ ಸಾಗಿಸಿತು. ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನೇ 2021ರ ಜನವರಿಯಲ್ಲಿ ಕೈತೊಳೆದುಕೊಂಡಿತು. ಹೀಗೆ ಕುಗ್ಗುತ್ತಿರುವ ಉದ್ಯಮದಲ್ಲಿ ಒಂದು ಲೆನ್ಸ್ ದಿಢೀರ್ ಹಿಟ್ ಆದರೆ ಆಡಳಿತ ಮಂಡಳಿ ಏನು ಮಾಡುತ್ತದೆ? ಹೊಸ ಯಂತ್ರ ತರುವುದಿಲ್ಲ, ಹೊಸಬರನ್ನು ವರ್ಷಗಟ್ಟಲೆ ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ. ಗಿರಾಕಿ ಕಾಯಲಿ ಎನ್ನುತ್ತದೆ. ಒಂದು ವರ್ಷ ಗಿರಾಕಿ ಕಾದರೆ ಕಂಪನಿಗೆ ಒಂದು ಕ್ಷಮಾಪಣೆ ಪತ್ರದ ಖರ್ಚು. ಕಾರ್ಖಾನೆ ಕಟ್ಟಿ ಎರಡು ವರ್ಷದ ಮೇಲೆ ಬೇಡಿಕೆ ಬಿದ್ದರೆ ಖರ್ಚು ನೂರಾರು ಕೋಟಿ. ಬೇಕಂತಲೇ ಕೊರತೆ ಸೃಷ್ಟಿಸುತ್ತಾರೆ ಎಂದು ಅನೇಕರು ಸಿಟ್ಟಿನಿಂದ ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಮಾರಿದ್ದರೆ ಬರುತ್ತಿದ್ದ ಲಾಭ ಯಾರಿಗೆ ಬೇಡ? ಆದರೆ ಕೊರತೆಯ ನೋವು ತಮಗೆ ತಟ್ಟದಂತೆ ಅದನ್ನು ಗಿರಾಕಿಯ ಹೆಗಲಿಗೆ ವರ್ಗಾಯಿಸಿರುವುದಂತೂ ನಿಜ.

ಎಲ್ಲವೂ ಕೆಲವೇ ಊರುಗಳಲ್ಲಿ ಗುಂಪುಗೂಡಿರುವುದು ಇನ್ನೊಂದು ಕಾರಣ. 2011ರ ಮಾರ್ಚ್‌ನ ಭೂಕಂಪ ಸೆಂಡೈ ಬಳಿಯ ನಿಕಾನ್ ಘಟಕವನ್ನೂ ಉತ್ಸುನೋಮಿಯಾದ ಕ್ಯಾನನ್ ಲೆನ್ಸ್ ಕಾರ್ಖಾನೆಯನ್ನೂ ಒಟ್ಟಿಗೆ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಥಾಯ್ಲೆಂಡ್‌ನ ಅಯುತ್ಥಾಯ ಪ್ರವಾಹದಲ್ಲಿ ನಿಕಾನ್‌ನ ಕಾರ್ಖಾನೆ ಮುಳುಗಿತು. 2016ರ ಏಪ್ರಿಲ್‌ನ ಕುಮಾಮೊಟೊ ಭೂಕಂಪಕ್ಕೆ ಸೋನಿಯ ಸೆನ್ಸರ್ ಘಟಕ ಸಿಕ್ಕಿತು, ಸೋನಿಯಿಂದ ಸೆನ್ಸರ್ ಕೊಳ್ಳುವ ಬೇರೆ ಕಂಪನಿಗಳ ಕ್ಯಾಮೆರಾಗಳೂ ತಡವಾದವು. ಆಮೇಲೆ ಕೋವಿಡ್, ಅದರ ಬೆನ್ನಿಗೆ ಚಿಪ್ ಬರ. ಈಗಿನ ಲೆನ್ಸ್ ಬರೀ ಗಾಜಲ್ಲ, ಒಳಗೆ ಮೋಟಾರು, ಕಂಪನ ತಡೆ, ಚಿಪ್ ಎಲ್ಲ ಇವೆ. 2021ರ ಕೊನೆಯಲ್ಲಿ ಬಿಡಿಭಾಗಗಳಿಲ್ಲದೆ ಸೋನಿ ತನ್ನ ಕೆಲವು ಕ್ಯಾಮೆರಾ ಮಾದರಿಗಳಿಗೆ ಆರ್ಡರ್ ಪಡೆಯುವುದನ್ನೇ ನಿಲ್ಲಿಸಿತ್ತು.

ಇನ್ನು ಕ್ಯೂ ಎಂಬುದರ ಒಳಗುಟ್ಟಿಗೆ ಬರೋಣ. ನನಗೆ ಅತ್ಯಂತ ಸ್ವಾರಸ್ಯ ಅನ್ನಿಸಿದ್ದು ಇದೇ.

ನಮ್ಮ ಹುಡುಗ ಎರಡು ತಿಂಗಳು ಕಾದ ಮೇಲೆ ಏನು ಮಾಡಿದ ಗೊತ್ತೇ? ಮೈಸೂರಿನ ಇನ್ನೊಂದು ಅಂಗಡಿಯಲ್ಲೂ ಹೆಸರು ಬರೆಸಿದ. ಆನ್‌ಲೈನ್‌ನಲ್ಲಿ ಮೂರನೆಯದು. ಯಾರು ಮೊದಲು ಕೊಡುತ್ತಾರೋ ಅವರಿಂದ ಕೊಂಡು ಉಳಿದದ್ದು ರದ್ದು ಮಾಡುವ ಯೋಚನೆ. ಕಾಯುತ್ತಿದ್ದ ಅವನ ಗೆಳೆಯರೂ ಇದನ್ನೇ ಮಾಡಿದ್ದರು. ಒಬ್ಬ ಗಿರಾಕಿ ಕಂಪನಿಯ ಕಣ್ಣಿಗೆ ಮೂವರಾಗಿ ಕಾಣುತ್ತಾನೆ. ಅಂಗಡಿಯವರೂ ಕಡಿಮೆ ಆಟಗಾರರಲ್ಲ. ಹತ್ತು ಕೇಳಿದರೆ ಮೂರು ಕಳಿಸುತ್ತಾರೆಂದು ಗೊತ್ತಾದ ಮೇಲೆ ಹತ್ತು ಬೇಕಾದವರು ಮೂವತ್ತು ಕೇಳುತ್ತಾರೆ. ವಿತರಕ ಅದರ ಮೇಲೆ ಇನ್ನೊಂದಿಷ್ಟು ಸೇರಿಸುತ್ತಾನೆ. ಜಪಾನಿಗೆ ತಲುಪುವ ಹೊತ್ತಿಗೆ ಬೇಡಿಕೆ ಬೆಟ್ಟವಾಗಿರುತ್ತದೆ, ಒಳಗೆ ಅರ್ಧ ಟೊಳ್ಳು. ನಿರ್ವಹಣಾ ಶಾಸ್ತ್ರದಲ್ಲಿ ಇದಕ್ಕೆ ‘ಬುಲ್‌ವಿಪ್ ಪರಿಣಾಮ’ ಎನ್ನುತ್ತಾರೆ. ಚಾಟಿಯ ಹಿಡಿಯನ್ನು ಸ್ವಲ್ಪ ಅಲುಗಿಸಿದರೆ ತುದಿ ಹುಚ್ಚೆದ್ದು ಬೀಸುವಂತೆ. ಹೌ ಲೀ, ಪದ್ಮನಾಭನ್ ಮತ್ತು ವ್ಹಾಂಗ್ ಎಂಬ ಮೂವರು 1997ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕೊರತೆಯ ಭಯದಿಂದ ಹೆಚ್ಚು ಆರ್ಡರ್ ಕೊಡುವುದನ್ನು ಇದರ ನಾಲ್ಕು ಕಾರಣಗಳಲ್ಲಿ ಒಂದೆಂದು ಹೆಸರಿಸಿದರು. ಎಂಬಿಎ ಓದುವವರು ಇದನ್ನು ಹುಡುಕಿ ಓದಬೇಕು, ಸಂದರ್ಶನದಲ್ಲೂ ಉಪಯೋಗಕ್ಕೆ ಬರುತ್ತದೆ.

ಈ ಟೊಳ್ಳು ಬೆಟ್ಟವನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಲೆನ್ಸ್ ಲೋಕದ ಹೊರಗಿನ ಉದಾಹರಣೆ ಅಮೆರಿಕದ ಸಿಸ್ಕೊ. ಇಂಟರ್ನೆಟ್ ಅಬ್ಬರದ ದಿನಗಳಲ್ಲಿ ಬಂದ ಆರ್ಡರ್‌ಗಳನ್ನು ನಂಬಿ ಬಿಡಿಭಾಗ ತುಂಬಿಕೊಂಡಿತು. 2001ರಲ್ಲಿ ಬೇಡಿಕೆ ಕುಸಿದಾಗ 200 ಕೋಟಿ ಡಾಲರ್‌ಗೂ ಹೆಚ್ಚಿನ ಸರಕನ್ನು ನಷ್ಟವೆಂದು ಬರೆದುಕೊಳ್ಳಬೇಕಾಯಿತು. ಲೆನ್ಸ್ ಕಂಪನಿಗಳು ಬುಕಿಂಗ್ ನೋಡಿದ ಕೂಡಲೇ ಉತ್ಪಾದನೆ ದುಪ್ಪಟ್ಟು ಮಾಡದಿರುವುದಕ್ಕೆ ಈ ಭಯವೂ ಕಾರಣ. ಹಾಗೆ ನೋಡಿದರೆ ಮೂರು ಕಡೆ ಹೆಸರು ಬರೆಸಿದ ನಮ್ಮವನೂ ತನ್ನ ಕ್ಯೂ ಉದ್ದವಾಗಲು ತಾನೇ ಒಂದು ಕೈ ಹಚ್ಚಿದ್ದ. ಹೇಳಿದರೆ ಒಪ್ಪಲಿಲ್ಲ, ಅದು ಬೇರೆ ಮಾತು.

ಇನ್ನೊಂದು ವಿಷಯ, ಕ್ಯೂ ಎಲ್ಲರಿಗೂ ಒಂದೇ ಅಲ್ಲ. ಕ್ಯಾನನ್, ನಿಕಾನ್ ಎರಡಕ್ಕೂ ವೃತ್ತಿಪರರ ಸದಸ್ಯತ್ವ ಯೋಜನೆಗಳಿವೆ. ಅಮೆರಿಕದಂಥ ಕಡೆ ನಿಕಾನ್‌ನ ಸದಸ್ಯರಿಗೆ ಹೊಸ ಲೆನ್ಸ್‌ಗಳಲ್ಲಿ ಆದ್ಯತೆ ಇದೆ. ಒಲಿಂಪಿಕ್ಸ್ ಬಂದರೆ ಕಂಪನಿಗಳು ಅಲ್ಲಿಯೇ ಕೇಂದ್ರ ತೆರೆದು ಪತ್ರಿಕಾ ಛಾಯಾಗ್ರಾಹಕರಿಗೆ ದೊಡ್ಡ ಲೆನ್ಸ್‌ಗಳನ್ನು ಎರವಲು ಕೊಡುತ್ತವೆ. ಅದರಿಂದಲೇ ಅನ್ನ ಸಂಪಾದಿಸುವವರಿಗೆ ಮೊದಲು ಸಿಗಲಿ ಎಂಬುದರಲ್ಲಿ ತಪ್ಪಿಲ್ಲ. ಆದರೆ ವೃತ್ತಿಪರ ಎಂದು ಸಾಬೀತು ಮಾಡಲು ಕಂಪನಿ ಕೇಳುವುದು ಏನು? ಈಗಾಗಲೇ ಅವರದೇ ದುಬಾರಿ ಕ್ಯಾಮೆರಾ, ಲೆನ್ಸ್‌ಗಳು ಇಂತಿಷ್ಟು ನಿಮ್ಮ ಬಳಿ ಇರಬೇಕು. ಕೆಲಸ ಸಿಗಲು ಅನುಭವ ಬೇಕು, ಅನುಭವ ಸಿಗಲು ಕೆಲಸ ಬೇಕು ಎನ್ನುವ ನಮ್ಮ ಹಳೆಯ ಗೋಳೇ ಇಲ್ಲೂ.

ಭಾರತದಲ್ಲಿ ಈ ದರ್ಜೆಯ ಲೆನ್ಸ್‌ಗಳು ಆಮದಾಗಿಯೇ ಬರಬೇಕು. 2023ರ ಬಜೆಟ್‌ನಲ್ಲಿ ‘ಕ್ಯಾಮೆರಾ ಲೆನ್ಸ್ ಸುಂಕ ಕಡಿತ’ ಎಂಬ ಸುದ್ದಿ ಕೇಳಿ ನಮ್ಮ ಮನೆಯಲ್ಲೂ ಸಂಭ್ರಮವಾಗಿತ್ತು. ವಿವರ ಓದಿದಾಗ ಗೊತ್ತಾಯಿತು, ಅದು ಮೊಬೈಲ್ ಫೋನಿನ ಕ್ಯಾಮೆರಾ ತಯಾರಿಕೆಗೆ ಬಳಸುವ ಪುಟಾಣಿ ಲೆನ್ಸ್‌ಗಳಿಗೆ. ಇಡೀ ಉದ್ಯಮವನ್ನು ನುಂಗಿದ ಫೋನೇ ರಿಯಾಯಿತಿಯನ್ನೂ ನುಂಗಿತು.

ಕೊರತೆ ಇರುವಲ್ಲಿ ಅಡ್ಡದಾರಿ ಇರುತ್ತದೆ. ‘ವಿದೇಶದಿಂದ ತರಿಸಿಕೊಡುತ್ತೇವೆ, ವಾರದಲ್ಲಿ ಕೈಗೆ’ ಎನ್ನುವವರಿದ್ದಾರೆ. ಬಿಲ್ ಇಲ್ಲ, ಇಲ್ಲಿನ ವಾರಂಟಿ ಅನ್ವಯಿಸುವುದಿಲ್ಲ, ಫೋಕಸ್ ಮೋಟಾರು ಕೆಟ್ಟರೆ ರಿಪೇರಿಯ ಮೊತ್ತ ಕೇಳಿ ಕೂತಲ್ಲೇ ಕೂರಬೇಕು. ಬಳಸಿದ ಲೆನ್ಸನ್ನು ಹೊಸದರ ಬೆಲೆಗಿಂತ ಹೆಚ್ಚಿಗೆ ಮಾರುವವರೂ ಇದ್ದಾರೆ. 2022-23ರಲ್ಲಿ ಫ್ಯೂಜಿಯ ಎಕ್ಸ್100ವಿ ಎಂಬ ಪುಟ್ಟ ಕ್ಯಾಮೆರಾ ಸಾಮಾಜಿಕ ಜಾಲತಾಣದಿಂದಾಗಿ ಫ್ಯಾಷನ್ ಆದಾಗ ಹೀಗೇ ಆಯಿತು. ಕ್ಯೂ ನಿಂತವರಲ್ಲಿ ಎಷ್ಟೋ ಮಂದಿಗೆ ಚಿತ್ರ ತೆಗೆಯುವ ಉದ್ದೇಶವೇ ಇರಲಿಲ್ಲ, ಮಾರುವ ಉದ್ದೇಶವಿತ್ತು.

ನಮ್ಮಂಥವರ ಮನೆಯ ಲೆಕ್ಕ ಬೇರೆ. ಒಂದೂವರೆ ಲಕ್ಷ ಸಾಲ, ವರ್ಷಕ್ಕೆ ಶೇ 14 ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳ ಬಡ್ಡಿಯೇ 1,750 ರೂಪಾಯಿ. ಐದು ತಿಂಗಳು ಕಾದರೆ 8,750. ಲೆನ್ಸ್ ಮುಖ ನೋಡುವ ಮೊದಲೇ ಹೋದ ಹಣ ಇದು. ಅದಕ್ಕಿಂತ ದೊಡ್ಡ ನಷ್ಟ ಹೋದ ಬೇಸಿಗೆ. ಹಾಗಾಗಿ ನನ್ನ ಅಭಿಪ್ರಾಯ ಖಡಾಖಂಡಿತ: ಅಂಗಡಿಯಲ್ಲಿ ಪೆಟ್ಟಿಗೆ ಕಣ್ಣಿಗೆ ಕಾಣುವವರೆಗೆ ಸಾಲ ಎತ್ತಬಾರದು. ಹೆಸರು ಬರೆಸಲು ಸಾಧ್ಯವಾದಷ್ಟು ಕಡಿಮೆ ಮೊತ್ತ ಕೊಡಬೇಕು, ಕೊಡುವ ದಿನಾಂಕ ಮತ್ತು ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ನಮ್ಮವನ ರಸೀದಿಯಲ್ಲಿ ‘ಅಡ್ವಾನ್ಸ್’ ಎಂಬ ಒಂದೇ ಪದವಿತ್ತು. ಹಣ ವಾಪಸ್ ಕೊಡಲು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೂ ಹೋಗಬಹುದು. ಬೆಂಗಳೂರು, ಮೈಸೂರಿನಲ್ಲಿ ದಿನದ ಲೆಕ್ಕದಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ವರ್ಷಕ್ಕೆ ಹತ್ತು ದಿನ ಕಾಡಿಗೆ ಹೋಗುವವರಿಗೆ ಅದೇ ಸಾಕು ಎಂದು ಅವನಿಗೆ ಎಷ್ಟು ಬಾರಿ ಹೇಳಿದ್ದೆ. ಬಾಡಿಗೆ ಲೆನ್ಸ್ ಹಿಡಿದವನನ್ನು ಫೋಟೊಗ್ರಾಫರ್ ಎಂದು ಯಾರು ಒಪ್ಪುತ್ತಾರೆ ಎಂಬುದು ಅವನ ಪ್ರಶ್ನೆ. ಚಿತ್ರದ ಕೆಳಗೆ ಲೆನ್ಸ್ ಯಾರದೆಂದು ಯಾರೂ ಬರೆಯುವುದಿಲ್ಲವಲ್ಲ!

ಕೊನೆಯದಾಗಿ ಒಂದು ಮಾತು, ಕೆಲಸ ಹುಡುಕುತ್ತಿರುವ ವಿಜ್ಞಾನ, ಡಿಪ್ಲೊಮಾ ವಿದ್ಯಾರ್ಥಿಗಳಿಗೆ. ಈ ಕ್ಯೂನ ತಲೆಯಲ್ಲಿ ಇರುವುದು ಗಾಜು ಉಜ್ಜಿ ಹೊಳಪಿಸಬಲ್ಲ ಕೈಗಳ ಕೊರತೆಯೂ ಹೌದು. ಆ ವಿದ್ಯೆ ನಮಗೆ ದೂರದ್ದೇನಲ್ಲ. ತಮಿಳುನಾಡಿನ ಕಾವಲೂರಿನಲ್ಲಿರುವ ವೇಣು ಬಾಪ್ಪು ದೂರದರ್ಶಕದ 2.34 ಮೀಟರ್ ಕನ್ನಡಿಯನ್ನು ಉಜ್ಜಿ ಸಿದ್ಧಪಡಿಸಿದ್ದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ. 1986ರಲ್ಲಿ ಅದು ಕೆಲಸ ಆರಂಭಿಸಿತು. ಅದೇ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ ಮೂವತ್ತು ಮೀಟರ್ ದೂರದರ್ಶಕ ಯೋಜನೆಗೆ ಕನ್ನಡಿ ತುಣುಕುಗಳನ್ನು ಹೊಳಪಿಸುವ ಘಟಕ ಬಂದಿದೆ. ಪೀಣ್ಯದಲ್ಲಿ ಇಸ್ರೊದ ಲಿಯೋಸ್ ಪ್ರಯೋಗಾಲಯ ಉಪಗ್ರಹಗಳಿಗೆ ಬೇಕಾದ ದೃಗ್ ಉಪಕರಣಗಳನ್ನು ಮಾಡುತ್ತದೆ. ಆಕಾಶಕ್ಕೆ ಲೆನ್ಸ್ ಮಾಡುವ ಊರಿನಲ್ಲಿ ಆನೆಯ ಫೋಟೊ ತೆಗೆಯುವ ಲೆನ್ಸ್‌ಗೆ ಜಪಾನಿನ ಹಡಗು ಕಾಯುತ್ತೇವೆ. ಬಿಎಸ್ಸಿ ಭೌತವಿಜ್ಞಾನದಲ್ಲಿ ದೃಗ್‌ಶಾಸ್ತ್ರವನ್ನು ಒಂದು ಸೆಮಿಸ್ಟರ್‌ನಲ್ಲಿ ಓದಿ ಮರೆಯುವ ಗೆಳತಿಯರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಅವರು ಸದ್ಯಕ್ಕೆ ಕೆಎಎಸ್ ತಯಾರಿಯಲ್ಲಿದ್ದಾರೆ.

ಅಂಗಡಿಯಿಂದ ಫೋನ್ ಬಂದದ್ದು ಏಳನೇ ತಿಂಗಳಲ್ಲಿ, ಮಳೆಗಾಲದ ನಟ್ಟನಡುವೆ, ಅವನು ಒಂದು ಮದುವೆಯ ಆಲ್ಬಂ ಕೆಲಸದಲ್ಲಿದ್ದಾಗ. ಅಷ್ಟರಲ್ಲಿ ಮೈಸೂರಿನ ಹೆಸರು, ಆನ್‌ಲೈನ್ ಬುಕಿಂಗ್ ಎರಡನ್ನೂ ರದ್ದು ಮಾಡಿಸಿದ್ದ. ಹೋಗಿ ತಂದ. ಬಿಲ್, ವಾರಂಟಿ ಕಾರ್ಡ್ ಎರಡನ್ನೂ ಫೋಟೊ ತೆಗೆದು ನನಗೆ ಕಳಿಸಿದ, ಫೋನಿನಲ್ಲೇ. ಕಬಿನಿಗೆ ಹೋಗಲು ಮಾರ್ಚ್‌ವರೆಗೆ ಕಾಯಬೇಕು. ಸದ್ಯಕ್ಕೆ ಹಿತ್ತಲಿನ ಸೀಬೆ ಮರಕ್ಕೆ ಬರುವ ಗಿಳಿಗಳ ಮೇಲೆ ಪ್ರಯೋಗ ನಡೆದಿದೆ.